ಕಂಗಾಲ್ ಕಾವಲು ನಾಯಿ: ಮನೆಯಲ್ಲಿ ಸಾಕಲು ತಕ್ಕುದೇ?

ತೋಟದ ಮನೆಯಲ್ಲಿ ವಾಸಿಸುವ ರೈತರು, ಅದರಲ್ಲೂ ಕುರಿ-ಮೇಕೆ ಸಾಕಣೆಯನ್ನು ಹೊಸದಾಗಿ ಕೈಗೊಂಡಿರುವ ಯುವಕರು, ಈಚೆಗೆ ಒಂದು ಪ್ರಶ್ನೆ ಕೇಳುವುದುಂಟು. "ಟರ್ಕಿ ದೇಶದ ಕಂಗಾಲ್ ನಾಯಿ ತೋಳವನ್ನೇ ಓಡಿಸುತ್ತದಂತೆ. ಒಂದು ಮರಿ ತಂದರೆ ಮನೆಗೂ ಆಯಿತು, ಕುರಿಗೂ ಆಯಿತು. ತರಬಹುದೇ?" ಎಂದು ಕೇಳಿ, ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೋರಿಸುತ್ತಾರೆ. ಕರುವಿನಷ್ಟು ಎತ್ತರದ ನಾಯಿ, ಕೊರಳಲ್ಲಿ ಮುಳ್ಳಿನ ಕಬ್ಬಿಣದ ಪಟ್ಟಿ, ಪಕ್ಕದಲ್ಲಿ ನಗುತ್ತಾ ನಿಂತ ಮಗು.

ಚಿತ್ರ ಸುಳ್ಳಲ್ಲ. ಆದರೆ ಆ ನಾಯಿ ಆ ಮಗುವಿನ ಪಕ್ಕ ಹಾಗೆ ಶಾಂತವಾಗಿ ನಿಲ್ಲುವಂತೆ ಆಗಲು ಏನೇನು ನಡೆದಿದೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯದೆ ಮರಿ ಕೊಂಡವರು, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ನಮ್ಮ ಕನ್ನಡದ ಅರ್ಥದಲ್ಲೇ ಕಂಗಾಲಾಗುವ ಸಂಭವವಿದೆ. ಆದುದರಿಂದ ಹಣ ಕೊಡುವ ಮುನ್ನ ಈ ಕೆಳಗಿನ ಸಂಗತಿಗಳನ್ನು ನೀವು ಓದಿಕೊಳ್ಳುವುದು ಒಳ್ಳೆಯದು.

ಹುಟ್ಟಿದ ನಾಡು

ಕಂಗಾಲ್ ಎಂಬುದು ಟರ್ಕಿಯ ಮಧ್ಯಭಾಗದಲ್ಲಿರುವ ಸಿವಾಸ್ ಪ್ರಾಂತ್ಯದ ಒಂದು ಜಿಲ್ಲೆಯ ಹೆಸರು. ಸಮುದ್ರಮಟ್ಟದಿಂದ 1,200 ಮೀಟರಿಗಿಂತ ಮೇಲಿರುವ ಬಯಲು ಸೀಮೆ ಅದು. ಬೇಸಿಗೆಯಲ್ಲಿ ಒಣ ಬಿಸಿಲು, ಚಳಿಗಾಲದಲ್ಲಿ ಹಿಮ. (ಮನುಷ್ಯರ ಚರ್ಮ ಕಚ್ಚುವ ಸಣ್ಣ ಮೀನುಗಳಿರುವ ಬಿಸಿನೀರಿನ ಬುಗ್ಗೆಗಾಗಿಯೂ ಈ ಜಿಲ್ಲೆ ಹೆಸರಾಗಿದೆ, ಚರ್ಮರೋಗಿಗಳು ಅಲ್ಲಿಗೆ ಹೋಗುತ್ತಾರೆ.) ಅಲ್ಲಿಯ ಮುಖ್ಯ ಕಸುಬು ಕುರಿ ಸಾಕಣೆ. ಅಕ್ಕರಮಾನ್ ಎಂಬ ದಪ್ಪ ಬಾಲದ ಬಿಳಿ ಕುರಿಗಳ ಮಂದೆಗಳು ಬಯಲಿನಲ್ಲಿ ಮೇಯುತ್ತವೆ. ಬೆಟ್ಟಗಳಲ್ಲಿ ತೋಳಗಳಿವೆ, ಕರಡಿಗಳಿವೆ. ಮಂದೆಯನ್ನು ಇವುಗಳಿಂದ ಉಳಿಸಿಕೊಳ್ಳುವುದಕ್ಕಾಗಿ ಅಲ್ಲಿಯ ಕುರಿಗಾಹಿಗಳು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದ ನಾಯಿಯೇ ಕಂಗಾಲ್.

ಗಂಡು ನಾಯಿ ಹೆಗಲಿನ ಬಳಿ 72ರಿಂದ 78 ಸೆಂಟಿಮೀಟರ್ ಎತ್ತರವಿದ್ದು, 48ರಿಂದ 60 ಕಿಲೋ ತೂಗುತ್ತದೆ. ಹೆಣ್ಣು 65ರಿಂದ 73 ಸೆಂಟಿಮೀಟರ್, ತೂಕ 40ರಿಂದ 50 ಕಿಲೋ. ಮೈಬಣ್ಣ ಮಾಸಲು ಹಳದಿ ಅಥವಾ ಬೂದು. ಮುಖ ಮತ್ತು ಕಿವಿ ಕಪ್ಪು. ಬಾಲ ಬೆನ್ನಿನ ಮೇಲೆ ಸುರುಳಿ. ಕಪ್ಪು ಮುಖದ ಕಾರಣ ಇದನ್ನು 'ಕರಾಬಾಶ್' ಎಂದೂ ಕರೆಯುವುದುಂಟು. ಟರ್ಕಿ ಭಾಷೆಯಲ್ಲಿ ಕರಾ ಎಂದರೆ ಕಪ್ಪು, ಬಾಶ್ ಎಂದರೆ ತಲೆ. ನಮ್ಮ 'ಕರಿ'ಯ ನೆನಪು ತರುವ ಪದ. ಕೂದಲು ಗಿಡ್ಡವಾದರೂ ಎರಡು ಪದರದ್ದು. ಕೊರಳ ಮುಳ್ಳಿನ ಪಟ್ಟಿ ಒಡವೆಯಲ್ಲ. ತೋಳ ಮೊದಲು ಬಾಯಿ ಹಾಕುವುದು ಗಂಟಲಿಗೆ. ಅದನ್ನು ತಡೆಯಲು ಕಮ್ಮಾರನಿಂದ ಮಾಡಿಸಿ ಹಾಕುವ ರಕ್ಷೆ ಅದು.

ಅಟ್ಟುವ ನಾಯಿ ಬೇರೆ, ಕಾಯುವ ನಾಯಿ ಬೇರೆ

ಕುರಿ ನಾಯಿ ಎಂದೊಡನೆ ನಾವು ಎಲ್ಲವನ್ನೂ ಒಂದೇ ಎಂದು ತಿಳಿಯುತ್ತೇವೆ. ಹಾಗಲ್ಲ. ಬ್ರಿಟನ್ನಿನ ಕೋಲಿ ಜಾತಿಯ ನಾಯಿ ಮಂದೆಯನ್ನು ಅಟ್ಟುವ ನಾಯಿ. ದಿಟ್ಟಿಸಿ ನೋಡುವುದು, ಹೊಂಚುವುದು, ಬೆನ್ನಟ್ಟುವುದು ಅದರ ಸ್ವಭಾವ. ಒಡೆಯನ ಸಿಳ್ಳೆಗೆ ತಕ್ಕಂತೆ ಕುಣಿಯುತ್ತದೆ. ನಮ್ಮ ಮುಧೋಳ ನಾಯಿ ಇವೆರಡೂ ಅಲ್ಲ, ಅದು ಕಣ್ಣಿಟ್ಟು ಓಡಿ ಹಿಡಿಯುವ ಬೇಟೆ ನಾಯಿ. ಕಂಗಾಲ್ ಬೆನ್ನಟ್ಟುವ ನಾಯಿ ಅಲ್ಲ. ಅದು ಮಂದೆಯ ನಡುವೆ ಮಲಗಿರುತ್ತದೆ, ಮಂದೆ ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಅಪಾಯದ ವಾಸನೆ ಬಂದರೆ ಎದ್ದು ಬೊಗಳಿ, ಮಂದೆಗೂ ಬಂದವನಿಗೂ ನಡುವೆ ಹೋಗಿ ನಿಲ್ಲುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ತೋಳಕ್ಕೆ ಗಾಯ ಮಾಡಿಕೊಳ್ಳುವ ಆಸೆ ಇರುವುದಿಲ್ಲ. ಕಾದಾಟ ಕಡೆಯ ಹೆಜ್ಜೆ.

ಇಲ್ಲಿ ನೀವು ಗಮನಿಸಬೇಕಾದ ಮಾತು ಒಂದಿದೆ. ಈ ಎಲ್ಲ ತೀರ್ಮಾನಗಳನ್ನೂ ನಾಯಿ ತಾನೇ ತೆಗೆದುಕೊಳ್ಳುತ್ತದೆ. ಕತ್ತಲಲ್ಲಿ ಕುರಿಗಾಹಿ ನಿದ್ದೆಯಲ್ಲಿರುವಾಗ ಅಪ್ಪಣೆಗಾಗಿ ಕಾದರೆ ಕುರಿ ಉಳಿಯುವುದಿಲ್ಲ. ಹೇಳಿದ್ದನ್ನು ಮಾತ್ರ ಮಾಡುವ ನಾಯಿಯನ್ನು ಸಿವಾಸಿನ ಕುರಿಗಾಹಿ ಎಂದೂ ಆರಿಸಲಿಲ್ಲ. ಮಂದೆಯಲ್ಲಿ ಗುಣವಾದ ಈ ಸ್ವತಂತ್ರ ಬುದ್ಧಿಯೇ ಮನೆಯಂಗಳದಲ್ಲಿ ತೊಡಕಾಗುತ್ತದೆ.

ಕಾವಲು ಕಲಿಯುವ ಬಗೆ

ಇಂತಹ ನಾಯಿಯ ಕಾವಲು ಗುಣ ಅರ್ಧ ರಕ್ತದಲ್ಲಿ, ಅರ್ಧ ಬೆಳೆಸುವ ಕ್ರಮದಲ್ಲಿ ಬರುತ್ತದೆ. ನಾಯಿಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಆ ಅವಧಿಯಲ್ಲಿ ಕುರಿಗಳ ನಡುವೆ ಬಿಟ್ಟರೆ ಕುರಿಗಳೇ ಅದರ ಬಳಗ.

ಈ ಕ್ರಮವನ್ನು ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದ ಇಂದಿನ ಉರುಗ್ವೆ ದೇಶದಲ್ಲಿ 1833ರಷ್ಟು ಹಿಂದೆಯೇ ನೋಡಿ ಬರೆದಿಟ್ಟಿದ್ದಾನೆ. ಅಲ್ಲಿಯ ರೈತರು ಕಣ್ಣು ಬಿಟ್ಟ ಹೊಸದರಲ್ಲಿಯೇ ಮರಿಯನ್ನು ತಾಯಿಯಿಂದ ಬೇರ್ಪಡಿಸಿ, ದಿನಕ್ಕೆ ಮೂರು ನಾಲ್ಕು ಸಲ ಒಂದು ತಾಯಿಕುರಿಯನ್ನು ಹಿಡಿದು ನಿಲ್ಲಿಸಿ ಅದರ ಹಾಲು ಕುಡಿಸುತ್ತಿದ್ದರಂತೆ. ಕುರಿದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ. ಬೇರೆ ನಾಯಿಗಳ ಜೊತೆಗಾಗಲೀ ಮನೆಯ ಮಕ್ಕಳ ಜೊತೆಗಾಗಲೀ ಬೆರೆಯಲು ಬಿಡುತ್ತಿರಲಿಲ್ಲ. ಬೆಳೆದ ನಾಯಿ ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆಗೆ ಬಂದು, ಸಿಕ್ಕ ಕೂಡಲೇ ನಾಚಿದಂತೆ ಓಡಿಹೋಗುತ್ತಿತ್ತು. ಮನೆಯ ನಾಯಿಗಳು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಮಂದೆಯನ್ನು ಮುಟ್ಟಿದ ಕ್ಷಣ ಅದು ತಿರುಗಿ ನಿಂತು ಬೊಗಳಿದರೆ ಅಷ್ಟೂ ನಾಯಿಗಳು ಕಾಲಿಗೆ ಬುದ್ಧಿ ಹೇಳುತ್ತಿದ್ದವು.

1970ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು ಟರ್ಕಿ, ಇಟಲಿ, ಯುಗೊಸ್ಲಾವಿಯಗಳಿಂದ ಕಾವಲು ನಾಯಿಗಳನ್ನು ತರಿಸಿ ರೈತರಿಗೆ ಕೊಟ್ಟು ಪರೀಕ್ಷೆ ನಡೆಸಿದರು. ಒಳ್ಳೆಯ ಕಾವಲು ನಾಯಿಗೆ ಅವರು ಹೇಳಿದ ಗುಣಗಳು ಮೂರು. ಮಂದೆಯನ್ನು ಬಿಟ್ಟು ಅಗಲಬಾರದು. ಮಂದೆಗೆ ತಾನು ಕೇಡು ಮಾಡಬಾರದು. ಹೊರಗಿನವನು ಬಂದಾಗ ತಡೆಯಬೇಕು. ಶೌರ್ಯ ಕಡೆಯ ಸ್ಥಾನದಲ್ಲಿದೆ ಎಂಬುದನ್ನು ಗಮನಿಸಿರಿ. ನಾಯಿ ಮಾರುವವರು ಮೊದಲು ಹೇಳುವುದು ಅದನ್ನೇ. ಕಚ್ಚಿದರೆ ಇಷ್ಟು ಒತ್ತಡ, ಅಷ್ಟು ಒತ್ತಡ ಎಂದು ಅಂಕಿ ಹೇಳುತ್ತಾರೆ. ಆ ಅಂಕಿಯಿಂದ ನಿಮ್ಮ ಒಂದು ಮರಿಯೂ ಉಳಿಯುವುದಿಲ್ಲ.

ಆಫ್ರಿಕದ ನಮೀಬಿಯಾದಲ್ಲಿ ಈ ಕ್ರಮ ದೊಡ್ಡ ಪ್ರಮಾಣದಲ್ಲಿ ಫಲ ಕೊಟ್ಟಿದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಕುನೋ ಅರಣ್ಯಕ್ಕೆ ಎಂಟು ಚೀತಾಗಳು ಬಂದದ್ದು ಅದೇ ದೇಶದಿಂದ. ಅಲ್ಲಿಯ ರೈತರು ಕುರಿ-ಮೇಕೆ ತಿನ್ನುತ್ತವೆಂದು ಚೀತಾಗಳನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ಚೀತಾ ಸಂರಕ್ಷಣಾ ನಿಧಿ ಎಂಬ ಸಂಸ್ಥೆ 1994ರಿಂದ ಕಂಗಾಲ್ ಹಾಗೂ ಅದರ ಹತ್ತಿರದ ಬಳಗದ ಅನಟೋಲಿಯನ್ ನಾಯಿಮರಿಗಳನ್ನು ಮೇಕೆಗಳ ಜೊತೆ ಬೆಳೆಸಿ ರೈತರಿಗೆ ಕೊಡುತ್ತಾ ಬಂದಿದೆ. ನಾಯಿ ಪಡೆದ ಬಹುಪಾಲು ರೈತರು ನಷ್ಟ ಬಹಳ ಕಡಿಮೆಯಾಯಿತೆಂದು ತಿಳಿಸಿದರು. ಚೀತಾಕ್ಕೂ ಜೀವ ಉಳಿಯಿತು. ಎಲ್ಲವೂ ಸುಸೂತ್ರವಾಗಿಯೇ ನಡೆಯಿತೆಂದಲ್ಲ. ಕೆಲವು ನಾಯಿಗಳು ಕಾಡುಪ್ರಾಣಿಗಳ ಹಿಂದೆ ಓಡುವ ಚಟ ಕಲಿತವು, ಕೆಲವು ಹಾವು ಕಚ್ಚಿ ಸತ್ತವು, ಕೆಲವನ್ನು ಬಬೂನ್ ಕೋತಿಗಳು ಸೀಳಿದವು.

ಹಾಗಾದರೆ ಮನೆಯ ನಾಯಿಯಾಗಿ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕುರಿಮಂದೆ ಇಲ್ಲದ ಕಂಗಾಲ್ ಕಾವಲನ್ನು ಬಿಡುವುದಿಲ್ಲ. ಕಾಯುವುದಕ್ಕೆ ಬೇರೇನನ್ನಾದರೂ ಆರಿಸಿಕೊಳ್ಳುತ್ತದೆ. ಅದು ನಿಮ್ಮ ಮನೆಯಾಗಬಹುದು, ಮಕ್ಕಳಾಗಬಹುದು, ಊಟದ ತಟ್ಟೆಯಾಗಬಹುದು, ಅಂಗಳದ ಮುಂದಿನ ದಾರಿಯೂ ಆಗಬಹುದು. ತನ್ನ ಮನೆಯವರೊಡನೆ ಇದು ಸಾಮಾನ್ಯವಾಗಿ ಬಹಳ ಶಾಂತ ನಾಯಿ. ಚಿಕ್ಕ ಮಕ್ಕಳು ಕಿವಿ ಎಳೆದರೂ ಸಹಿಸಿಕೊಳ್ಳುವುದನ್ನು ಕಾಣಬಹುದು. ಇದನ್ನು ನೋಡಿದವರು ಒಳ್ಳೆಯ ಸಾಕುನಾಯಿ ಎಂದು ಹೊಗಳುತ್ತಾರೆ. ಅದು ಅರ್ಧ ಸತ್ಯ.

ಉಳಿದ ಅರ್ಧ ಹೀಗಿದೆ. ನಿಮ್ಮ ಮಗನ ಜೊತೆ ಪಕ್ಕದ ತೋಟದ ಹುಡುಗ ಆಟವಾಡಲು ಬರುತ್ತಾನೆ. ಇಬ್ಬರೂ ಕೂಗಾಡುತ್ತಾ ಒಬ್ಬರನ್ನೊಬ್ಬರು ಹಿಡಿದು ಬೀಳಿಸುತ್ತಾರೆ. ನಾಯಿಯ ಕಣ್ಣಿಗೆ ಅದು ಆಟವಲ್ಲ. ತನ್ನ ಮಂದೆಯ ಮರಿಯ ಮೇಲೆ ಹೊರಗಿನವನು ಬಿದ್ದಿದ್ದಾನೆ. ಅದು ನಿಮ್ಮನ್ನು ಕೇಳಿ ತೀರ್ಮಾನ ಮಾಡುವುದಿಲ್ಲ. ಐವತ್ತು ಕಿಲೋ ತೂಕದ ನಾಯಿ ಕಚ್ಚಬೇಕೆಂದೇನೂ ಇಲ್ಲ, ಎದೆಯಿಂದ ತಳ್ಳಿದರೂ ಹುಡುಗನ ಕೈ ಮುರಿಯುತ್ತದೆ. ಕಟಾವಿಗೆ ಬರುವ ಆಳುಗಳು, ಹಾಲಿನವನು, ಲೈನ್‌ಮನ್, ಹೇಳದೆ ಕೇಳದೆ ಬರುವ ನೆಂಟರು, ಇವರೆಲ್ಲರೂ ನಮ್ಮ ರೈತರ ಮನೆಗೆ ದಿನನಿತ್ಯ ಬರುವವರೇ. ಬಾಗಿಲು ಸದಾ ತೆರೆದಿರುವ ಮನೆಗೆ ಈ ನಾಯಿ ಹೊಂದುವುದಿಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮರಿಯಾಗಿದ್ದಾಗ ಇದಾವುದೂ ತಿಳಿಯುವುದಿಲ್ಲ. ಮರಿ ಎಲ್ಲರೊಡನೆ ಬಾಲ ಅಲ್ಲಾಡಿಸುತ್ತದೆ. ಎಂಟು ತಿಂಗಳಿನಿಂದ ಎರಡು ವರ್ಷದ ನಡುವೆ ಸ್ವಭಾವ ಬಲಿಯುತ್ತದೆ. ಅಪರಿಚಿತರ ಮೇಲೆ ಗುರುಗುಟ್ಟುವುದು, ತನ್ನದೇ ಲಿಂಗದ ಬೇರೆ ನಾಯಿಯ ಮೇಲೆ ಬೀಳುವುದು, ಕರೆದರೂ ತಿರುಗಿ ನೋಡದೆ ಎಲ್ಲೆ ಸುತ್ತಲು ಹೋಗುವುದು ಆಗ ಶುರು. ರಾತ್ರಿ ಇಡೀ ಬೊಗಳುತ್ತದೆ. ಅದಕ್ಕಾಗಿಯೇ ಅದನ್ನು ಆರಿಸಿದ್ದಲ್ಲವೇ? ಅರ್ಧ ಮೈಲಿಗೊಂದು ಮನೆ ಇರುವಲ್ಲಿ ಬೊಗಳಿದರೆ ಒಳ್ಳೆಯದೇ. ಊರ ನಡುವೆ ಅಥವಾ ಪಟ್ಟಣದ ಬಡಾವಣೆಯಲ್ಲಿ ಎಂಟೇ ದಿನಕ್ಕೆ ನೆರೆಹೊರೆಯವರೊಡನೆ ಜಗಳ. ಆಗ ಮನೆಯವರಿಗೆ ಹೊಳೆಯುವ ಉಪಾಯ ಸರಪಳಿ. ಹಗಲಿರುಳು ಕಟ್ಟಿಹಾಕಿದ ಕಾವಲು ನಾಯಿಯಷ್ಟು ಅಪಾಯಕಾರಿ ಪ್ರಾಣಿ ಮತ್ತೊಂದಿಲ್ಲ. ಓಡಿಹೋಗುವ ದಾರಿ ಇಲ್ಲದ್ದರಿಂದ ಹತ್ತಿರ ಬಂದವರ ಮೇಲೆಲ್ಲ ಎರಗುವುದೊಂದೇ ಅದಕ್ಕೆ ಉಳಿಯುವ ದಾರಿ. ಚಿರತೆ ಓಡಾಡುವ ಕಡೆಗಳಲ್ಲಂತೂ ಕಟ್ಟಿದ ನಾಯಿ, ಎಷ್ಟೇ ದೊಡ್ಡದಿರಲಿ, ಇಟ್ಟ ಎಡೆಯಂತೆ. ಚಿರತೆಗೆ ನಾಯಿ ಶತ್ರುವಲ್ಲ, ಆಹಾರ.

ಇಷ್ಟಾದರೂ ಸಾಕಲೇಬೇಕೆನ್ನುವವರು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಕನಿಷ್ಠ ಆಳೆತ್ತರದ ಬಲವಾದ ಬೇಲಿ ಇರುವ ಎರಡು ಮೂರು ಎಕರೆ ಜಾಗ ನಿಮ್ಮಲ್ಲಿದೆಯೇ? ಹಗಲೆಲ್ಲ ಮನೆಯಲ್ಲಿರುವ, ನಾಯಿಗೆ ಹೆದರದ ವಯಸ್ಕರೊಬ್ಬರು ಇದ್ದಾರೆಯೇ? ಈ ಹಿಂದೆ ಗಟ್ಟಿ ಸ್ವಭಾವದ ನಾಯಿಯನ್ನು ಸಾಕಿ ಅನುಭವವಿದೆಯೇ? ಹೊರಗಿನವರು ಬಂದಾಗ ನಾಯಿಯನ್ನು ಬೇರೆಡೆ ಕೂಡಿಹಾಕಲು ಗಟ್ಟಿಯಾದ ಆವರಣ ಉಂಟೇ? ಈ ನಾಲ್ಕರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ವಿಚಾರವನ್ನು ಕೈಬಿಡುವುದು ಲೇಸು. ನಾಲ್ಕಕ್ಕೂ ಹೌದು ಎನ್ನುವವರು ಮರಿಗೆ ಮೂರು ತಿಂಗಳು ತುಂಬುವ ಮೊದಲೇ ಆಳುಕಾಳು, ನೆಂಟರಿಷ್ಟರು, ಮಕ್ಕಳು, ದನಕರು, ಟ್ರಾಕ್ಟರ್ ಎಲ್ಲವನ್ನೂ ದಿನವೂ ಪರಿಚಯ ಮಾಡಿಸಬೇಕು. ದೊಡ್ಡದಾದ ಮೇಲೆ ಕಲಿಸುತ್ತೇನೆ ಎಂದರೆ ಆಗದ ಮಾತು. ಹೊಡೆದು ಕಲಿಸುವುದಂತೂ ಕೂಡದು.

ಮೇವು ಮತ್ತು ಆರೋಗ್ಯ

ಸಿವಾಸಿನ ಹಳ್ಳಿಗಳಲ್ಲಿ ಈ ನಾಯಿಗೆ ಮಾಂಸದ ಔತಣವೇನೂ ಇಲ್ಲ. ಜವೆಗೋಧಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿದ 'ಯಾಲ್' ಎಂಬ ಮುದ್ದೆಯಂತಹ ಆಹಾರವೇ ರೂಢಿ; ಜೊತೆಗೆ ಹಾಲು-ಮಜ್ಜಿಗೆಯ ಉಳಿಕೆ. ನಮ್ಮಲ್ಲಿ ರಾಗಿ ಅಥವಾ ಜೋಳದ ಅಂಬಲಿಗೆ ಮೊಟ್ಟೆ, ಬೇಯಿಸಿದ ಮಾಂಸ, ಮೊಸರು ಸೇರಿಸಿ ಕೊಡಬಹುದು. ದೊಡ್ಡ ಜಾತಿಯ ಮರಿಯನ್ನು ಬೇಗ ದಪ್ಪ ಮಾಡಬೇಕೆಂಬ ಹಂಬಲ ಬೇಡ. ಅತಿಯಾಗಿ ತಿನ್ನಿಸಿ, ಮೇಲೆ ಸುಣ್ಣದಂಶದ ಔಷಧಿಗಳನ್ನು ಕೈಗೆ ಬಂದಂತೆ ಕೊಟ್ಟರೆ ಮೂಳೆ ಸೊಟ್ಟಾಗುತ್ತದೆ, ಸೊಂಟದ ಕೀಲಿನ ದೋಷ ಉಲ್ಬಣಿಸುತ್ತದೆ. ಆಳವಾದ ಎದೆಯ ನಾಯಿಯಾದ್ದರಿಂದ ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಉಣ್ಣಿಸದೆ ಎರಡು ಹೊತ್ತಿಗೆ ಹಂಚಿ ಕೊಡಬೇಕು. ಉಂಡ ಕೂಡಲೇ ಓಡಿಸಬಾರದು. ಜಠರ ತಿರುಚಿಕೊಂಡು ಹೊಟ್ಟೆ ಉಬ್ಬಿದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ವಾಂತಿಗೆ ಯತ್ನಿಸಿಯೂ ಬಾರದೆ ಒದ್ದಾಡುವುದನ್ನು ಕಂಡರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಒಣ ಬಿಸಿಲನ್ನು ಈ ತಳಿ ತಡೆಯುತ್ತದೆ. ಕರಾವಳಿಯ ಬೆವರಿನ ಸೆಕೆ, ಮಲೆನಾಡಿನ ತಿಂಗಳುಗಟ್ಟಲೆಯ ಮಳೆ ಅದರ ಹುಟ್ಟುನಾಡಿನಲ್ಲಿ ಇಲ್ಲ. ಬಿಸಿಲಿಗೆಂದು ಮೈಗೂದಲು ಬೋಳಿಸಬೇಡಿರಿ. ನೆರಳು, ತಣ್ಣೀರು ಕೊಡಿರಿ, ಉಣ್ಣೆಗಳನ್ನು ವಾರಕ್ಕೊಮ್ಮೆ ಹುಡುಕಿ ತೆಗೆಯಿರಿ.

ಕುರಿ ಸಾಕುವವರಿಗೆ ಇನ್ನೊಂದು ಮುಖ್ಯ ಎಚ್ಚರಿಕೆ. ಕುರಿ ಕೊಯ್ದಾಗ ಉಳಿದ ತಲೆ, ಶ್ವಾಸಕೋಶ, ಯಕೃತ್ತುಗಳನ್ನು ಹಸಿಯಾಗಿ ನಾಯಿಗೆ ಎಸೆಯುವ ರೂಢಿ ನಮ್ಮಲ್ಲಿದೆ. ಅವುಗಳಲ್ಲಿನ ನೀರುಗುಳ್ಳೆಗಳು ನಾಯಿಯ ಕರುಳಿನಲ್ಲಿ ಲಾಡಿಹುಳುಗಳಾಗಿ, ಅದರ ಮಲದ ಮೂಲಕ ಮೊಟ್ಟೆಗಳು ಹುಲ್ಲಿಗೆ ಸೇರಿ ಮತ್ತೆ ಕುರಿಗಳ ಹೊಟ್ಟೆ ಸೇರುತ್ತವೆ. ಕೆಲವು ಕುರಿಯ ಮೆದುಳಿಗೆ ಹೋಗಿ, ಕುರಿ ತಲೆ ವಾರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತುತ್ತಾ ಸಾಯುತ್ತದೆ. ಇನ್ನು ಕೆಲವು ಮನುಷ್ಯನ ಯಕೃತ್ತಿನಲ್ಲೂ ಗಡ್ಡೆ ಕಟ್ಟುತ್ತವೆ. ಆದುದರಿಂದ ಇವನ್ನು ಚೆನ್ನಾಗಿ ಬೇಯಿಸಿಯೇ ಹಾಕಬೇಕು, ಇಲ್ಲವೇ ಆಳವಾಗಿ ಹೂಳಬೇಕು. ವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಲಾಡಿಹುಳುವಿನ ಔಷಧಿ ಕೊಡಿಸಬೇಕು.

ಕಾನೂನಿನ ಮಾತು

ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ಸುತ್ತೋಲೆ ಹೊರಡಿಸಿ, ಇಪ್ಪತ್ತಮೂರು ಬಗೆಯ ನಾಯಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಮಾರಾಟ ಹಾಗೂ ಸಾಕಣೆಗೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಆ ಪಟ್ಟಿಯಲ್ಲಿ ಕಂಗಾಲ್ ಹೆಸರೂ ಇತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯ 2024ರ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಹಾಗೆಂದು ಒಡೆಯನ ಹೊಣೆ ತಪ್ಪಲಿಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಟರ್ಕಿ ಸರ್ಕಾರ ಶುದ್ಧ ಕಂಗಾಲ್ ನಾಯಿಗಳನ್ನು ಹೊರಕ್ಕೆ ಕಳುಹಿಸುವುದನ್ನು ನಿರ್ಬಂಧಿಸಿದೆ ಎಂಬುದನ್ನೂ, "ಟರ್ಕಿಯಿಂದಲೇ ನೇರವಾಗಿ ತರಿಸಿದ್ದು" ಎಂದು ಮಾರುವವರು ಹೇಳಿದಾಗ ನೆನಪಿಟ್ಟುಕೊಳ್ಳಿರಿ.

ಊರ ನಾಯಿಯಿಂದ ಆಗದೇ?

ನಿಮಗೆ ನಿಜವಾಗಿ ಬೇಕಾಗಿರುವುದು ಕುರಿಗಳ ಕಾವಲಾದರೆ ಹೆಸರುವಾಸಿ ತಳಿಯೇ ಆಗಬೇಕೆಂದಿಲ್ಲ. ಅಮೆರಿಕದ ನೈಋತ್ಯ ಭಾಗದ ನವಾಹೊ ಬುಡಕಟ್ಟಿನವರು ಜಾತಿ ಗೊತ್ತಿಲ್ಲದ ಬೆರಕೆ ನಾಯಿಗಳನ್ನೇ ಕುರಿದೊಡ್ಡಿಯಲ್ಲಿ ಬೆಳೆಸಿ ಕಾವಲಿಗೆ ಹಚ್ಚುತ್ತಾರೆ. ನಮೀಬಿಯಾದ ನೆರೆಯ ಬೋಟ್ಸ್ವಾನಾದಲ್ಲಿ ಅಲ್ಲಿಯ ಊರ ನಾಯಿಗಳನ್ನೇ ಹೀಗೆ ತಯಾರು ಮಾಡಿದಾಗ ಅವು ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕೆಲಸ ಮಾಡಿದವು. ನಮ್ಮ ಕುರುಬ ಬಂಧುಗಳ ಹಿಂಡಿನ ಜೊತೆ ನಡೆಯುವ ನಾಯಿಗಳನ್ನು ನೀವು ನೋಡಿಯೇ ಇದ್ದೀರಿ. ಅವುಗಳಿಗೆ ಪೆಟ್ಟಿಗೆಯ ಆಹಾರ ತಿಳಿಯದು, ನಮ್ಮ ಬಿಸಿಲು-ಉಣ್ಣೆಗಳು ಹೊಸದಲ್ಲ.

ಅಂತಹ ಹಿಂಡಿನ ನಾಯಿಯ ಮರಿಯೊಂದನ್ನು, ಆರರಿಂದ ಎಂಟು ವಾರದ್ದನ್ನು, ಆರಿಸಿ ತನ್ನಿರಿ. ಎರಡು ತಂದರೆ ಅವು ತಮ್ಮತಮ್ಮಲ್ಲೇ ಆಡುತ್ತವೆ, ಕುರಿಗಳಿಗೆ ಅಂಟಿಕೊಳ್ಳುವುದಿಲ್ಲ. ಎರಡನೆಯದನ್ನು ಮೊದಲನೆಯದು ಪಳಗಿದ ಮೇಲೆ ತನ್ನಿರಿ. ಕುರಿದೊಡ್ಡಿಯ ಮೂಲೆಯಲ್ಲಿ ಬಿದಿರು ತಟ್ಟಿ ಅಡ್ಡಗಟ್ಟಿ, ಮರಿ ನುಸುಳಬಲ್ಲ, ಕುರಿ ನುಗ್ಗಲಾರದ ಗೂಡು ಮಾಡಿರಿ. ಸುತ್ತ ಸಾಧು ಸ್ವಭಾವದ ಕುರಿಗಳನ್ನೂ ಹಾಲುಬಿಟ್ಟ ಮರಿಗಳನ್ನೂ ಇಡಿರಿ. ಊಟವನ್ನು ಅಲ್ಲಿಯೇ ಹಾಕಬೇಕು, ಮನೆಯ ಹಿತ್ತಲಲ್ಲಿ ಅಲ್ಲ. ದಿನಕ್ಕೆರಡು ಬಾರಿ ಮೈದಡವಿ, ಕಾಲು-ಬಾಯಿ ಮುಟ್ಟಿ ನೋಡಿರಿ. ಕೈಗೆ ಸಿಗದ ನಾಯಿಗೆ ಚುಚ್ಚುಮದ್ದು ಹಾಕಿಸುವುದು ಹೇಗೆ? ಮಕ್ಕಳು ಎತ್ತಿಕೊಂಡು ಮನೆಗೆ ತಂದು ಮುದ್ದಿಸುವುದನ್ನು ಮಾತ್ರ ತಡೆಯಬೇಕು, ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಐದು ತಿಂಗಳಿನಿಂದ ಒಂದು ವರ್ಷದವರೆಗೆ ಆಟಕ್ಕೆಂದು ಕುರಿಮರಿಗಳ ಕಿವಿ ಕಚ್ಚುವುದು, ಬೆನ್ನಟ್ಟುವುದು ಉಂಟು. ಆಗ ಗದರಿಸಿ ತಡೆಯಿರಿ. ಮುಂದುವರಿದರೆ ಕೆಲವು ದಿನ ಮರಿಗಳಿಂದ ಬೇರ್ಪಡಿಸಿ, ಹಾಯಬಲ್ಲ ದೊಡ್ಡ ಟಗರುಗಳ ಜೊತೆ ಬಿಡಿರಿ, ಅವೇ ಬುದ್ಧಿ ಕಲಿಸುತ್ತವೆ. ಮರಿ ಹಾಕಿಸುವ ಉದ್ದೇಶವಿಲ್ಲದಿದ್ದರೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಅಲೆದಾಟ ತಗ್ಗುತ್ತದೆ. ಚಿರತೆ, ತೋಳದ ಕಾಟವಿರುವಲ್ಲಿ ಕಮ್ಮಾರನಿಂದ ಮುಳ್ಳಿನ ಕೊರಳಪಟ್ಟಿ ಮಾಡಿಸಿ ಹಾಕಿರಿ, ಆದರೆ ನಾಯಿಯ ಮೇಲೆ ಭಾರ ಹಾಕಿ ದೊಡ್ಡಿಯ ಮೇಲ್ಛಾವಣಿ, ಬಾಗಿಲುಗಳನ್ನು ಸಡಿಲ ಬಿಡಬೇಡಿರಿ.

ಯಾವ ತಳಿಯದೇ ಇರಲಿ, ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆಯನ್ನು ಆರಂಭಿಸಿ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಅದನ್ನು ಪ್ರತಿವರ್ಷ ತಪ್ಪದೆ ಪುನರಾವರ್ತಿಸಬೇಕು. ನಾಯಿ ಯಾರನ್ನಾದರೂ ಕಚ್ಚಿದರೆ, ಸಾಕಿದ ನಾಯಿ ಎಂದು ಸುಮ್ಮನಿರದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮರಿ ತರುವ ಮುನ್ನ ನಿಮ್ಮ ಹೋಬಳಿಯ ಪಶುವೈದ್ಯರೊಡನೆ ಒಮ್ಮೆ ಮಾತನಾಡಿ, ಲಸಿಕೆಯ ದಿನಾಂಕಗಳನ್ನು ಬರೆಸಿಕೊಂಡು ಬನ್ನಿರಿ.